ಕಿಟಕಿ ಪಕ್ಕದ ಬಾಲಗಳು

ನಮ್ಮ ಅತ್ತಿಗೆಗೆ ಕಪ್ಪೆಯಮ್ಮ ಎಂದು ಹೆಸರಿಟ್ಟವನು ನಮ್ಮಣ್ಣ. ತಮಾಷೆಗೆ ಇಟ್ಟ ಹೆಸರು ಬೀದಿಗೆಲ್ಲ ಹಬ್ಬಿ, ಕಾಲೇಜಿನ ಗೇಟು ದಾಟಿ, ಅವಳು ಕೆಲಸ ಮಾಡುವ ವಿಭಾಗದ ದೊಡ್ಡ ದೊಡ್ಡ ಮೇಷ್ಟ್ರುಗಳ ಬಾಯಲ್ಲೂ ನಿಂತುಬಿಟ್ಟಿತು. ಮೊದಮೊದಲು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. "ಕಪ್ಪೆ ಸಾಕೋಳನ್ನ ಕಪ್ಪೆಯಮ್ಮ ಅನ್ನದೆ ಗಿಳಿಯಮ್ಮ ಅಂತ ಕರೀಲಾ?" ಎಂದು ಅಣ್ಣ ರೇಗಿಸುತ್ತಿದ್ದ. ಹೆಸರಿಟ್ಟವನು ಹೋದ, ಹೆಸರು ಉಳಿದಿದೆ. ಈಗ ಯಾರಾದರೂ ಹಾಗೆ ಕೂಗಿದರೆ ಅವಳು ಒಂದು ಗಳಿಗೆ ಸುಮ್ಮನೆ ನಿಂತು, ಆಮೇಲೆ ತಿರುಗಿ ನೋಡುತ್ತಾಳೆ.

ನಾನು ಅವಳ ನಾದಿನಿ. ಗಂಡನ ಮನೆ ನನಗೆ ಒಗ್ಗಲಿಲ್ಲ, ಹೊಲಿಗೆ ಯಂತ್ರ ಹೊತ್ತುಕೊಂಡು ಅಣ್ಣನ ಮನೆಗೆ ಬಂದುಬಿಟ್ಟೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು, ಇಷ್ಟೇ ಮನೆ. "ಇದೂ ನಿನ್ನ ಮನೇನೇ" ಎಂದು ಅತ್ತಿಗೆ ಬಾಯಿಮಾತಿಗೂ ಹೇಳಲಿಲ್ಲ. ಅಂಥ ಮಾತೆಲ್ಲ ಅವಳಿಗೆ ಬರುವುದಿಲ್ಲ. ನನ್ನ ಯಂತ್ರಕ್ಕೆ ಬೆಳಕು ಬೀಳಲಿ ಎಂದು ತಮ್ಮ ಮಂಚವನ್ನು ಒಳಗಿನ ಕತ್ತಲೆ ಕೋಣೆಗೆ ತಾನೇ ಎಳೆದುಕೊಂಡು ಹೋದಳು, ಅಷ್ಟೇ. ನನ್ನ ನಾಲಿಗೆ ಸ್ವಲ್ಪ ಹರಿತ, ಬೀದಿಯವರೆಲ್ಲ ಬಲ್ಲರು. ಅವಳು ಮಾತ್ರ ನಾನು ಏನಂದರೂ ಕಿವಿ ಮೇಲೆ ಹಾಕಿಕೊಳ್ಳದೆ ಓಡಾಡಿಕೊಂಡಿರುತ್ತಿದ್ದಳು. ಹಾಗಾಗಿ ವರ್ಷಗಟ್ಟಲೆ ನಮ್ಮಿಬ್ಬರಿಗೆ ಜಗಳವೇ ಆಗಲಿಲ್ಲ.

ಅವಳ ಕೆಲಸದ ಬಗ್ಗೆ ಹೇಳಬೇಕು. ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಗಾಜಿನ ತೊಟ್ಟಿಗಳು, ತೊಟ್ಟಿಗಳ ತುಂಬ ಗೊದಮೊಟ್ಟೆಗಳು, ಅಂದರೆ ಇನ್ನೂ ಕಾಲು ಮೂಡದ, ಬಾಲ ಆಡಿಸಿಕೊಂಡಿರುವ ಕಪ್ಪೆಮರಿಗಳು. ಅವುಗಳಿಗೆ ನಲ್ಲಿ ನೀರು ಆಗುವುದಿಲ್ಲ, ಹಿಂದಿನ ದಿನವೇ ಹಿಡಿದು ಬಕೆಟ್ಟಿನಲ್ಲಿ ಆರಲು ಬಿಡಬೇಕು. ಸೊಪ್ಪನ್ನು ನುಣ್ಣಗೆ ಬೇಯಿಸಿ, ಹಿಸುಕಿ, ಚಿಟಿಕೆ ಚಿಟಿಕೆ ಹಾಕಬೇಕು. ಹೆಚ್ಚಾದರೆ ನೀರು ನಾರುತ್ತದೆ, ಕಡಿಮೆಯಾದರೆ ಒಂದರ ಬಾಲವನ್ನು ಇನ್ನೊಂದು ಕಚ್ಚುತ್ತದೆ. ಅಲ್ಲಿ ಪ್ರಯೋಗ ನಡೆಸುವ ಮೇಡಂ ಅವರಿಗೆ ಬೇಕಾದಾಗ ಕೆಲವನ್ನು ಹಿಡಿದು, ಮಂಪರು ಬರಿಸುವ ನೀರಿನಲ್ಲಿ ಮಲಗಿಸಿ, ಸಣ್ಣ ಕತ್ತರಿಯಲ್ಲಿ ಬಾಲದ ತುದಿ ಕತ್ತರಿಸಿ ಕೊಡುವುದೂ ಅವಳ ಕೆಲಸವೇ. ಮನೆಗೆ ಬಂದ ಮೇಲೆ ಎಷ್ಟು ಸೋಪು ಹಚ್ಚಿದರೂ ಕೈಯಲ್ಲಿ ಕೆರೆಯ ವಾಸನೆ ಇರುತ್ತಿತ್ತು. "ಸಾರಿನಲ್ಲಿ ಏನಾದ್ರೂ ಈಜ್ತಾ ಇದ್ಯಾ ನೋಡ್ಕೊಂಡು ಬಡಿಸು ಅತ್ತಿಗೆ" ಎಂದು ನಾನು ಮೂಗು ಮುರಿಯುತ್ತಿದ್ದೆ. ಅವಳು ನಿಜವಾಗಿಯೂ ಸೌಟು ಎತ್ತಿ ನೋಡುತ್ತಿದ್ದಳು!

ಅಣ್ಣ ಸಾಣೆ ಹಿಡಿಯುವವನು. ಒಂದು ಗಾಡಿ, ಗಾಡಿಯ ಮೇಲೆ ಕಲ್ಲಿನ ಚಕ್ರ, ಕೆಳಗೆ ಪೆಡಲು. ಬಲಗಾಲಿನಲ್ಲಿ ಪೆಡಲು ತುಳಿದರೆ ಚಕ್ರ ತಿರುಗುತ್ತದೆ, ಚಾಕು ತಾಗಿಸಿದರೆ ಕಿಡಿ ಹಾರುತ್ತದೆ. ಊರೆಲ್ಲ ಸುತ್ತಿ ಮಧ್ಯಾಹ್ನದ ಹೊತ್ತಿಗೆ ಕಾಲೇಜು ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದ. ಒಂದು ದಿನ ಒಬ್ಬ ಹುಡುಗಿ ಬಟ್ಟೆಯಲ್ಲಿ ಸುತ್ತಿದ ಬೆರಳುದ್ದದ ಕತ್ತರಿಗಳನ್ನು ತಂದು ಕೊಟ್ಟಳಂತೆ.

"ಇಷ್ಟು ಚಿಕ್ಕ ಕತ್ತರೀಲಿ ಏನು ಕತ್ತರಿಸ್ತೀರಿ?" ಎಂದ ಅಣ್ಣ.

"ಬಾಲ."

"ಯಾರ ಬಾಲ?"

"ಬಾಲ ಬಿಚ್ಚೋರದ್ದು."

ಅಣ್ಣ ಆವತ್ತೇ ಸೋತ. ಅಂಥ ಮಾತು ಆಡಿದವಳು ಮದುವೆಯಾದ ಮೇಲೆ ಹೇಗೆ ಅಷ್ಟು ಮಾತು ಕಡಿಮೆ ಮಾಡಿದಳೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬಹುಶಃ ಅವಳ ಪಾಲಿನದನ್ನೂ ಅಣ್ಣನೇ ಆಡಿ ಮುಗಿಸುತ್ತಿದ್ದ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಇಬ್ಬರೂ ಕೊರಗಿದ್ದನ್ನು ನಾನು ನೋಡಲಿಲ್ಲ, ಒಳಗೊಳಗೇ ಕೊರಗಿದ್ದರೆ ಗೊತ್ತಿಲ್ಲ.

ಒಮ್ಮೆ ಅವಳಿಗೆ ಊಟದ ಡಬ್ಬಿ ಕೊಡಲು ನಾನೇ ಕಾಲೇಜಿಗೆ ಹೋಗಿದ್ದೆ. ತೊಟ್ಟಿಗಳ ಕೋಣೆ ಒಲೆಮನೆಯಷ್ಟು ಬೆಚ್ಚಗಿತ್ತು. ಮರಿಗಳು ತಣ್ಣಗಾಗಬಾರದು ಎಂದು ಮೂಲೆಯಲ್ಲಿ ಹೀಟರು, ತಲೆ ಮೇಲೆ ಸಾಲಾಗಿ ಬಲ್ಬು. ಕೊನೆಯ ಕಿಟಕಿಯೊಂದು ಮಾತ್ರ ಒಂದು ಗೇಣು ತೆರೆದಿತ್ತು. ಕಿಟಕಿ ಬಾಗಿಲು ಬಡಿದುಕೊಳ್ಳದ ಹಾಗೆ ಸಂದಿಯಲ್ಲಿ ಒಂದು ಸವೆದ ಸಾಣೆಕಲ್ಲಿನ ಚೂರು ಸಿಕ್ಕಿಸಿತ್ತು. ಅಣ್ಣ ಕೊಟ್ಟದ್ದೇ ಇರಬೇಕು. ಕೆಳಗೆ ಗೇಟು, ಗೇಟಿನ ಪಕ್ಕ ಅಣ್ಣನ ಗಾಡಿ, ಅವನ ಬೋಳಾಗುತ್ತಿದ್ದ ನೆತ್ತಿ.

"ಓಹೋ, ಇಲ್ಲಿಂದ ಗಂಡನ ಕಾವಲು ನಡೀತಿದ್ಯಾ?" ಎಂದೆ.

ಅವಳ ಮುಖ ಕೆಂಪಗಾಯಿತು. "ಬಾಲ ಕತ್ತರಿಸುವಾಗ ಕೈ ನಡುಗುತ್ತೆ ಕಣೇ" ಎಂದಳು. "ಆ ಚಕ್ರದ ಸದ್ದು ಕೇಳಿಸ್ತಿದ್ರೆ ನಡುಗೋಲ್ಲ."

ಇಷ್ಟು ವರ್ಷ ಕತ್ತರಿಸಿದರೂ ಕೈ ನಡುಗುತ್ತದೆಯೇ ಎಂದು ನಾನು ಕೇಳಲಿಲ್ಲ. ಕತ್ತರಿಸುವ ಮೊದಲು ಅವಳು ಪ್ರತಿ ಮರಿಯ ಮುಂದೆಯೂ ಏನೋ ತುಟಿ ಅಲುಗಿಸುವುದನ್ನು ಆವತ್ತು ನಾನು ಕಣ್ಣಾರೆ ನೋಡಿದೆ.

ಆ ವರ್ಷವೇ ಮೇಡಂ ಹೊಸದೊಂದು ಪ್ರಯೋಗಕ್ಕೆ ಕೈ ಹಾಕಿದ್ದರು. ಅತ್ತಿಗೆ ನನಗೆ ಅದನ್ನು ತರಕಾರಿ ಹೆಚ್ಚುತ್ತ ಹೆಚ್ಚುತ್ತ ಎಷ್ಟೋ ದಿನ ವಿವರಿಸಿದ್ದಾಳೆ. ಬೇರೆ ಯಾವ ವಿಷಯದಲ್ಲೂ ಅವಳು ಅಷ್ಟು ಮಾತಾಡಿದವಳಲ್ಲ. ಗೊದಮೊಟ್ಟೆ ಕಪ್ಪೆಯಾಗಬೇಕಾದರೆ ಬಾಲ ಹೋಗಬೇಕು. ಆದರೆ ಬಾಲ ಉದುರಿ ಬೀಳುವುದಿಲ್ಲ. ಕುತ್ತಿಗೆಯ ಗ್ರಂಥಿಯಿಂದ ಒಂದು ಹಾರ್ಮೋನು ಹೊರಡುತ್ತದೆ, ಅದು ಬಾಲಕ್ಕೆ ತಲುಪಿದ ಮೇಲೆ ಅಲ್ಲಿನ ಜೀವಕೋಶಗಳು ಒಂದೊಂದಾಗಿ ತಾವೇ ಸಾಯುತ್ತವೆ. ಬಾಲ ಮೋಟಾಗುತ್ತ ಮೋಟಾಗುತ್ತ ಮೈಯೊಳಗೇ ಕರಗಿಹೋಗುತ್ತದೆ. ತಮಾಷೆ ಏನೆಂದರೆ, ಬಾಲದ ತುದಿಯನ್ನು ಕತ್ತರಿಸಿ ಒಂದು ಬಟ್ಟಲಲ್ಲಿ ಪೋಷಣೆಯ ದ್ರವದಲ್ಲಿಟ್ಟರೂ ಅದು ದಿನಗಟ್ಟಲೆ ಬದುಕಿರುತ್ತದೆ. ಆ ಬಟ್ಟಲಿಗೆ ಹಾರ್ಮೋನು ಹಾಕಿದರೆ, ಮೈಯಿಲ್ಲದ ಆ ಚೂರು ಬಾಲವೂ ಮಾತು ಕೇಳಿಸಿಕೊಂಡಂತೆ ಸಾಯಲು ಶುರು ಮಾಡುತ್ತದೆ.

ಹೋಮಿಯೋಪತಿಯವರ ವಾದ ಬೇರೆ. ಅದೇ ಹಾರ್ಮೋನನ್ನು ನೀರಿಗೆ ಹಾಕಿ, ಕುಲುಕಿ, ಅದರ ಒಂದು ಹನಿ ತೆಗೆದು ಮತ್ತೆ ನೀರಿಗೆ ಹಾಕಿ, ಕುಲುಕಿ, ಹೀಗೇ ಮಾಡುತ್ತ ಮಾಡುತ್ತ ಕೊನೆಗೆ ಹಾರ್ಮೋನಿನ ಒಂದು ಕಣವೂ ಉಳಿಯದಷ್ಟು ತೆಳ್ಳಗಾದ ಮೇಲೆ, ಆ ನೀರು ಬಾಲ ಸಾಯುವುದನ್ನು ತಡೆಯುತ್ತದಂತೆ. "ಇರಬಹುದು, ಇಲ್ಲದೇನೂ ಇರಬಹುದು, ನೋಡೇಬಿಡೋಣ" ಎಂದಿದ್ದರು ಮೇಡಂ. ಮೂರು ಬಾಟಲಿ ಬಂದವು, ನೀಲಿ, ಹಳದಿ, ಕೆಂಪು ಚೀಟಿ ಅಂಟಿಸಿದ್ದು. ಒಂದರಲ್ಲಿ ಆ ತೆಳ್ಳಗಿನ ಔಷಧ, ಒಂದರಲ್ಲಿ ಬೇರೇನೂ ಹಾಕದೆ ಹಾಗೇ ಕುಲುಕಿದ ನೀರು, ಒಂದರಲ್ಲಿ ಬರೀ ನೀರು. ಯಾವುದು ಯಾವುದು ಎಂದು ಮೇಡಂಗೂ ಗೊತ್ತಿಲ್ಲ, ಅತ್ತಿಗೆಗೂ ಗೊತ್ತಿಲ್ಲ. ಬಲ್ಲವನು ಅದನ್ನು ತಯಾರಿಸಿದ ಪಕ್ಕದ ಕಟ್ಟಡದ ಔಷಧದವನೊಬ್ಬನೇ. ಗೊತ್ತಿದ್ದರೆ ನೋಡುವವರ ಕಣ್ಣು ಮನಸ್ಸಿನ ಮಾತು ಕೇಳುತ್ತದೆ, ಅದಕ್ಕೇ ಈ ಕಟ್ಟುಪಾಡು.

ಬಾಲದ ಚೂರುಗಳಿದ್ದ ಎಲ್ಲ ಬಟ್ಟಲಿಗೂ ಸಾಯಿಸುವ ಹಾರ್ಮೋನು ಮೊದಲೇ ಹಾಕಿರುತ್ತಿದ್ದರು. ಅತ್ತಿಗೆ ಪ್ರತಿ ಬೆಳಿಗ್ಗೆ ಬಾಟಲಿಯನ್ನು ರಬ್ಬರ್ ದಿಂಬಿನ ಮೇಲೆ ಟಪ್ ಟಪ್ ಎಂದು ಕುಟ್ಟಿ, ಅದರದರ ಬಣ್ಣದ ಬಟ್ಟಲುಗಳಿಗೆ ಹನಿ ಹಾಕಬೇಕು. ಬಟ್ಟಲುಗಳ ಜಾಗವನ್ನು ಆಗಾಗ ಅದಲು ಬದಲು ಮಾಡಬೇಕು. ಮೇಡಂ ಅದನ್ನು ಒತ್ತಿ ಹೇಳಿದ್ದರು.

ಸ್ವಲ್ಪ ದಿನ ಕಳೆದ ಮೇಲೆ ಅವಳು ಒಂದು ಸಂಜೆ ಚಪ್ಪಲಿ ಬಿಡುತ್ತಲೇ ಹೇಳಿದಳು. "ನೀಲಿ ಬಟ್ಟಲಿನವು ಸಾಯ್ತಾ ಇಲ್ಲ ಕಣೇ. ಹಳದಿಯವು, ಕೆಂಪಿನವು ಮೋಟಾಗಿ ಹೋದ್ವು. ನೀಲಿಯವು ಇನ್ನೂ ಉದ್ದಕ್ಕೆ ಇವೆ."

ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಇಷ್ಟು ವರ್ಷ ಬಾಲ ಕತ್ತರಿಸಿದವಳಿಗೆ ಬದುಕಿ ಉಳಿದ ಬಾಲ ಸಿಕ್ಕಿತ್ತು.

ಅಣ್ಣನಿಗೆ ಸಕ್ಕರೆ ಕಾಯಿಲೆ ಮೊದಲಿನಿಂದ ಇತ್ತು. ಮಾತ್ರೆ ನುಂಗುತ್ತಿದ್ದ, ಸಿಹಿಯನ್ನೂ ನುಂಗುತ್ತಿದ್ದ. ಬಲಗಾಲಿನ ಹೆಬ್ಬೆರಳಿಗೆ ಪೆಡಲಿನ ತಗಡು ತಾಗಿ ಗಾಯವಾದದ್ದು ಅವನಿಗೇ ಗೊತ್ತಾಗಲಿಲ್ಲ. ಆ ಕಾಯಿಲೆಯವರಿಗೆ ಕಾಲಿನಲ್ಲಿ ನೋವೇ ಇರುವುದಿಲ್ಲವಂತೆ. ಒಂದು ದಿನ ಕಾಲುಚೀಲ ತೆಗೆದಾಗ ನಾನು ವಾಸನೆ ಹಿಡಿದೆ. ಕಪ್ಪೆ ಕೈಯ ವಾಸನೆ ಎಂದುಕೊಂಡು ಅತ್ತಿಗೆಯನ್ನು ರೇಗಿಸಲು ಹೊರಟವಳು ಅಣ್ಣನ ಬೆರಳು ನೋಡಿ ನಿಂತುಬಿಟ್ಟೆ. ತುದಿ ಕಪ್ಪಾಗಿತ್ತು.

ಆಸ್ಪತ್ರೆಗೆ ಮೂವರೂ ಹೋದೆವು. ಡಾಕ್ಟರು ಒಳ್ಳೆಯವರೇ, ಕೂರಿಸಿಕೊಂಡು ಹೇಳಿದರು. "ಈ ಬೆರಳು ಸತ್ತುಹೋಗಿದೆ. ಜೀವಕೋಶಗಳು ಸಾಯ್ತಾ ಸಾಯ್ತಾ ಕೊಳೆತ ಮೇಲಕ್ಕೆ ಹತ್ತುತ್ತೆ. ಈಗ ತೆಗೆದ್ರೆ ಒಂದು ಬೆರಳಿಗೆ ಮುಗಿಯುತ್ತೆ. ತಡ ಮಾಡಿದ್ರೆ ಕಾಲಿಗೆ ಬರುತ್ತೆ, ಆಮೇಲೆ ಜೀವಕ್ಕೇ ಬರುತ್ತೆ."

"ಒಂದು ಬೆರಳು ತಾನೆ, ತಗೊಳ್ಳಿ ಡಾಕ್ಟ್ರೇ" ಎಂದ ಅಣ್ಣ. "ಪೆಡಲು ತುಳಿಯೋಕೆ ಹಿಮ್ಮಡಿ ಇದ್ರೆ ಸಾಕು. ಕತ್ತರಿ ಹರಿತ ಇಲ್ದಿದ್ರೆ ಹೇಳಿ, ನಾನೇ ಹಿಡಿದುಕೊಡ್ತೀನಿ."

ಡಾಕ್ಟರು ನಕ್ಕರು. ನಾನೂ ನಕ್ಕೆ. ಅತ್ತಿಗೆ ಮಾತ್ರ ನಗಲಿಲ್ಲ. ಜೀವಕೋಶ ಸಾಯುವುದು ಎಂಬ ಮಾತು ಅವಳ ಕಿವಿಗೆ ಬಿದ್ದಿತ್ತು. ನಮಗೆ ಅದು ಡಾಕ್ಟರ ಮಾತು, ಅವಳಿಗೆ ದಿನನಿತ್ಯದ ಕೆಲಸ. ಬೀದಿಯಲ್ಲಿ ಬೇರೆ ಯಾವ ಹೆಂಗಸೂ ಆ ಮಾತಿಗೆ ತಲೆಬಾಗಿ ಸಹಿ ಹಾಕಿಬಿಡುತ್ತಿದ್ದಳು. ಅವಳಿಗೆ ಗೊತ್ತಿದ್ದದ್ದೇ ಮುಳುವಾಯಿತು.

ಮನೆಗೆ ಬಂದ ಮೇಲೆ ಬಾಯಿಬಿಟ್ಟಳು. "ರೀ, ಸ್ವಲ್ಪ ದಿನ ನೋಡೋಣ. ನಮ್ಮ ನೀಲಿ ಬಾಟ್ಲಿ ಸಾಯೋದನ್ನ ತಡೆಯುತ್ತೆ. ಬೇರೆಯವರು ಹೇಳಿದ್ದಲ್ಲ, ನಾನೇ ನೋಡಿದ್ದೀನಿ."

"ಅತ್ತಿಗೆ, ಅದು ಕಪ್ಪೆ ಬಾಲ, ಇದು ಅಣ್ಣನ ಕಾಲು" ಎಂದು ನಾನು ಬಾಯಿ ಬಡಿದುಕೊಂಡೆ. "ಬಾಲ ಸಾಯಬೇಕು ಅಂತಾನೇ ಹುಟ್ಟಿರೋದು. ಇದು ಕೊಳೀತಾ ಇದೆ. ಮೇಡಂನ ಒಂದು ಮಾತು ಕೇಳು."

"ಅವರಿಗೆ ಯಾವ ಬಾಟ್ಲೀಲಿ ಏನಿದೆ ಅಂತಾನೇ ಗೊತ್ತಿಲ್ಲ" ಎಂದಳು ಅವಳು. "ಅವರನ್ನ ಏನು ಕೇಳಲಿ?"

ನಾನು ಅಣ್ಣನ ಮುಖ ನೋಡಿದೆ. ಅವನು ಅವಳ ಮುಖ ನೋಡುತ್ತಿದ್ದ. ಅಷ್ಟು ವರ್ಷದಲ್ಲಿ ಅವಳು ಅವನಲ್ಲಿ ಏನನ್ನೂ ಬೇಡಿದವಳಲ್ಲ, ಒಂದು ಸೀರೆಯನ್ನೂ, ಒಂದು ಸಿನಿಮಾವನ್ನೂ. ಮೊದಲ ಸಲ ಬಾಯಿಬಿಟ್ಟು ಏನೋ ಕೇಳಿದ್ದಳು. ಇಲ್ಲವೆನ್ನಲು ಅವನಿಗೆ ಬರಲಿಲ್ಲ. "ಆಯ್ತು ಬಿಡು ಕಪ್ಪೆಯಮ್ಮ. ಬೆರಳು ಎಲ್ಲಿ ಓಡಿಹೋಗುತ್ತೆ, ಇಲ್ಲೇ ಇರುತ್ತಲ್ಲ" ಎಂದ.

ಬಾಟಲಿಗಳು ಖಾಲಿಯಾಗುವ ಮೊದಲೇ ಹೊಸವು ಬರುತ್ತಿದ್ದವು, ಹಳೆಯದರ ತಳದಲ್ಲಿ ಉಳಿದದ್ದನ್ನು ಚೆಲ್ಲಬೇಕಿತ್ತು. ಅವಳು ಚೆಲ್ಲದೆ ನೀಲಿಯದನ್ನು ಒಂದು ಸಣ್ಣ ಶೀಶೆಗೆ ಬಗ್ಗಿಸಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಸಂಜೆ ಅಣ್ಣನ ಮಂಚದ ಪಕ್ಕ ಕೂತು, ಶೀಶೆಯನ್ನು ಎಡಗೈ ಅಂಗೈಗೆ ಟಪ್ ಟಪ್ ಎಂದು ಕುಟ್ಟುತ್ತಿದ್ದಳು. ನಾಲಿಗೆಗೆ ಒಂದಿಷ್ಟು ಹನಿ, ಗಾಯಕ್ಕೆ ಒಂದಿಷ್ಟು. ಆಸ್ಪತ್ರೆಯ ಮಾತ್ರೆ, ಮುಲಾಮು ಯಾವುದನ್ನೂ ನಿಲ್ಲಿಸಲಿಲ್ಲ, ಅಷ್ಟು ಮಟ್ಟಿಗೆ ಅವಳಿಗೆ ಬುದ್ಧಿ ಇತ್ತು. ಕತ್ತರಿಸುವುದನ್ನು ಮಾತ್ರ ಮುಂದಕ್ಕೆ ಹಾಕುತ್ತ ಹೋದಳು.

ದೇವರೂ ಒಮ್ಮೊಮ್ಮೆ ಕೈಕೊಡುವ ಮೊದಲು ಚೆನ್ನಾಗಿ ಆಟವಾಡಿಸುತ್ತಾನೆ. ಗಾಡಿ ಬಿಟ್ಟು ಮಂಚದ ಮೇಲೆ ಕಾಲು ಚಾಚಿದ್ದಕ್ಕೋ ಏನೋ, ಊತ ಸ್ವಲ್ಪ ಇಳಿಯಿತು. ಅವಳು ನನ್ನನ್ನು ಕರೆದು ತೋರಿಸಿದಳು. "ನೋಡು, ನೋಡು, ಕಪ್ಪು ಅಲ್ಲೇ ನಿಂತಿದೆ!" ನನಗೆ ಅದು ನಿಂತ ಹಾಗೆ ಕಾಣಲಿಲ್ಲ. "ಕಣ್ಣಿಗೆ ಕನ್ನಡಕ ಹಾಕಿಸ್ಕೋ ಅತ್ತಿಗೆ" ಎಂದೆ. ಅವಳು ನನ್ನ ಮಾತನ್ನು ಎಂದಿನಂತೆ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಎಂದೂ ಬೇಸರವಾಗದ ಆ ಗುಣ ಆವತ್ತು ನನ್ನ ಹೊಟ್ಟೆ ಉರಿಸಿತು.

ಒಂದು ಮಧ್ಯಾಹ್ನ ಅಣ್ಣ ಚಳಿ ಚಳಿ ಎಂದು ನಡುಗತೊಡಗಿದ. ಹೊದಿಕೆ ತೆಗೆದರೆ ಕೆಂಪು ಗೆರೆ ಮೊಣಕಾಲು ದಾಟಿತ್ತು. ನಾನು ಬೀದಿಗೆ ಓಡಿ ಆಟೋ ತಂದೆ. ಅದೇ ಡಾಕ್ಟರು ಈ ಸಲ ಕೂರಿಸಿಕೊಂಡು ಮಾತಾಡಲಿಲ್ಲ, ನಿಂತಲ್ಲೇ ಕಾಗದ ಚಾಚಿದರು. ಇಡೀ ಕಾಲು ತೆಗೆಯಬೇಕಾಯಿತು. ಅಷ್ಟು ಹೊತ್ತಿಗೆ ವಿಷ ರಕ್ತಕ್ಕೆ ಸೇರಿತ್ತು. ಎಚ್ಚರವಾದಾಗ ಅಣ್ಣ ಹೊದಿಕೆ ಚಪ್ಪಟೆಯಾಗಿದ್ದ ಕಡೆ ನೋಡಿದ. ಅತ್ತಿಗೆ ಗೋಡೆಗೆ ಒರಗಿ ನಿಂತಿದ್ದಳು, ಹತ್ತಿರ ಬರುವ ಧೈರ್ಯವಿರಲಿಲ್ಲ.

"ನೋಡೇ ಕಪ್ಪೆಯಮ್ಮ" ಎಂದ ಅವನು, ನಾಲಿಗೆ ತೊದಲುತ್ತಿತ್ತು. "ನನ್ನ ಬಾಲಾನೂ ಹೋಯ್ತು. ಇನ್ನು ನಾನು ಪೂರ್ತಿ ಕಪ್ಪೆ."

ಅದೇ ಅವನು ಸರಿಯಾಗಿ ಆಡಿದ ಕೊನೆಯ ಮಾತು. ಆಮೇಲೆ ಜ್ವರದಲ್ಲಿ ಏನೇನೋ ಕನವರಿಸಿದ, ಮಾರನೆಯ ಬೆಳಿಗ್ಗೆ ಅದೂ ನಿಂತಿತು.

ನಾನು ಅತ್ತಿಗೆಯ ಜೊತೆ ಮಾತು ಬಿಟ್ಟೆ. ಬೈದಿದ್ದರೆ ಅವಳಿಗೂ ನನಗೂ ಹಗುರವಾಗುತ್ತಿತ್ತೇನೋ. ಬೈಯಲು ಬಾಯಿ ತೆರೆದರೆ ಅಳು ಬರುತ್ತಿತ್ತು, ಅವಳ ಮುಂದೆ ಅಳಲು ನನಗೆ ಮನಸ್ಸಿರಲಿಲ್ಲ. ಒಂದೇ ಮನೆ, ಒಂದೇ ಒಲೆ. ಅವಳು ಬೇಯಿಸಿಟ್ಟು ಹೋಗುತ್ತಿದ್ದಳು, ನಾನು ತಿಂದು ಪಾತ್ರೆ ತೊಳೆದಿಡುತ್ತಿದ್ದೆ. ಎದುರಾದರೆ ಪಕ್ಕಕ್ಕೆ ಸರಿಯುತ್ತಿದ್ದೆವು. ನೆರೆಯವಳು ಸಮಾಧಾನ ಮಾಡಲು ಬಂದರೆ ನಾನು ಯಂತ್ರ ತುಳಿಯತೊಡಗುತ್ತಿದ್ದೆ, ಆ ಸದ್ದಿಗೆ ಯಾರ ಸಮಾಧಾನವೂ ಕೇಳಿಸದು.

ನನ್ನ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಮೊಂಡಾಯಿತು. ಅದನ್ನು ಹಿಡಿದುಕೊಡುತ್ತಿದ್ದವನು ಅಣ್ಣ. ಬೀದಿಯಲ್ಲಿ ಬೇರೊಬ್ಬ ಸಾಣೆಯವನು ಬರತೊಡಗಿದ್ದ, ನಾನು ಅವನನ್ನು ಕರೆಯಲಿಲ್ಲ. ಮೊಂಡು ಕತ್ತರಿಯಲ್ಲೇ ಎಳೆದೆಳೆದು ಕತ್ತರಿಸಿ ಒಂದೆರಡು ಪ್ಯಾಂಟಿನ ಬಟ್ಟೆ ಹಾಳು ಮಾಡಿ, ಗಿರಾಕಿಗಳಿಂದ ಉಗಿಸಿಕೊಂಡೆ. ಅತ್ತಿಗೆ ಅದನ್ನೆಲ್ಲ ನೋಡುತ್ತಿದ್ದಳು. ಹಿಂಭಾಗದಲ್ಲಿ ಅಣ್ಣನ ಗಾಡಿಗೆ ಗೋಣಿಚೀಲ ಹೊದಿಸಿದ್ದಳು.

ಕೆಲಸ ಮಾತ್ರ ಬಿಡಲಿಲ್ಲ ಅವಳು. ಎಂದಿನಂತೆ ಹೋಗುತ್ತಿದ್ದಳು, ಕೆರೆಯ ವಾಸನೆ ಹೊತ್ತುಕೊಂಡು ಬರುತ್ತಿದ್ದಳು. ಗಂಡನನ್ನು ಕೊಂದ ಶೀಶೆಯ ಜಾಗಕ್ಕೆ ಹೋಗಲು ಹೇಗೆ ಮನಸ್ಸು ಬರುತ್ತದೆ ಎಂದು ನಾನು ಹಲ್ಲು ಕಚ್ಚಿಕೊಳ್ಳುತ್ತಿದ್ದೆ.

ಬಹಳ ತಿಂಗಳ ಮೇಲೆ ಒಂದು ದಿನ ಅವಳು ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದಳು. ಮಧ್ಯಾಹ್ನ, ನಾನು ಯಾರದೋ ಸಮವಸ್ತ್ರಕ್ಕೆ ಕಾಲರು ಹಚ್ಚುತ್ತಿದ್ದೆ. ಒಳಕೋಣೆಗೆ ಹೋಗದೆ ನೇರ ಬಂದು ನನ್ನ ಯಂತ್ರದ ಪಕ್ಕ ನೆಲದ ಮೇಲೆ ಕೂತಳು. ಮುಷ್ಟಿ ಬಿಗಿದಿತ್ತು. ನಾನು ಪೆಡಲು ನಿಲ್ಲಿಸಲಿಲ್ಲ. ಆ ಸದ್ದಿನ ಮೇಲೆಯೇ ಅವಳು ಮಾತು ಶುರು ಮಾಡಿದಳು.

"ಇವತ್ತು ಔಷಧದವನು ಬಂದು ಯಾವ ಬಣ್ಣದ್ದು ಯಾವುದು ಅಂತ ಬಿಚ್ಚಿ ಹೇಳಿದ."

ನಾನು ಕಾಲರಿನ ಅಂಚು ಮಡಚಿ ಸೂಜಿಯ ಕೆಳಗೆ ತಳ್ಳಿದೆ.

"ನೀಲಿ, ಬರೀ ನೀರಂತೆ. ಕುಲುಕಿದ್ದೂ ಅಲ್ಲವಂತೆ. ಬರೀ ನೀರು."

ನನ್ನ ಕಾಲು ತಾನಾಗಿ ನಿಂತಿತು. ಔಷಧವನ್ನು ನಂಬಿ ಕೆಟ್ಟಳು ಎಂದು ಅಷ್ಟು ದಿನ ಕೋಪ ಮಾಡಿಕೊಂಡಿದ್ದೆ. ಅದು ಔಷಧವೂ ಅಲ್ಲ. ಅಂಗೈಗೆ ಕುಟ್ಟಿ ಕುಟ್ಟಿ ಅವಳು ಅಣ್ಣನ ನಾಲಿಗೆಗೆ ಹಾಕಿದ್ದು ನಮ್ಮ ಮನೆಯ ಬಿಂದಿಗೆಯಲ್ಲಿರುವ ವಸ್ತು.

"ಮತ್ತೆ ಆ ಬಾಲಗಳು ಯಾಕೆ ಸಾಯಲಿಲ್ಲ?" ಎಂದು ಕೇಳಬೇಕೆನಿಸಿತು. ಅವಳೇ ಹೇಳಿದಳು.

"ಎಲ್ಲರಿಗೂ ಆಶ್ಚರ್ಯ. ಔಷಧದಿಂದ ಆಗದೇ ಇದ್ದದ್ದು ಬರೀ ನೀರಿನಿಂದ ಹೇಗಾಯ್ತು ಅಂತ. ಮೇಡಂ ಬಟ್ಟಲು ಜೋಡಿಸೋ ಕಪಾಟಿನ ಉದ್ದಕ್ಕೂ ಥರ್ಮಾಮೀಟರ್ ಇಟ್ಟು ನೋಡಿದ್ರು. ನೀಲಿ ಬಟ್ಟಲು ಇದ್ದ ಕಿಟಕಿ ಕಡೆಯ ತುದಿ ತಣ್ಣಗಿತ್ತು. ತಣ್ಣಗಿದ್ರೆ ಬಾಲ ನಿಧಾನಕ್ಕೆ ಸಾಯುತ್ತಂತೆ. ಅಷ್ಟೇನಂತೆ. ಜಾಗ ಬದಲಾಯಿಸ್ತಿದ್ದೆ ತಾನೇ ಅಂದ್ರು. ಹಳದಿ, ಕೆಂಪು ಬದಲಾಯಿಸ್ತಿದ್ದೆ, ನೀಲಿಯನ್ನ ಮಾತ್ರ ಮುಟ್ಟಲಿಲ್ಲ ಅಂದೆ."

"ಯಾಕೆ?" ಎಂದೆ. ಬಾಯಿ ತಪ್ಪಿ ಬಂದ ಮಾತು.

"ಚೆನ್ನಾಗಿದ್ವಲ್ಲ" ಎಂದಳು. "ಮಲಗಿರೋ ಮಗುವನ್ನ ಯಾರಾದ್ರೂ ಎತ್ತಿ ಬೇರೆ ಕಡೆ ಮಲಗಿಸ್ತಾರಾ?"

ಮೇಡಂ ಕೂಗಾಡಿದರಂತೆ, ವರ್ಷದ ಕೆಲಸವೆಲ್ಲ ನೀರುಪಾಲಾಯಿತು ಎಂದು. ಪಾಪ, ಅವರ ಸಂಕಟವೂ ಸಣ್ಣದಲ್ಲ. ಅಣ್ಣನಿಗೆ ಹಾಕಿದ ಹನಿಯ ವಿಷಯ ಅವರಿಗೆ ಗೊತ್ತೇ ಇಲ್ಲ, ಇವತ್ತಿಗೂ ಗೊತ್ತಿಲ್ಲ. ಹೀಟರ್ ಹಾಕಿದ ಕೋಣೆಯಲ್ಲಿ ಕಿಟಕಿ ಯಾಕೆ ತೆರೆದಿಟ್ಟೆ ಎಂದು ಕೇಳಿದರಂತೆ. ಗಾಳಿಗೆ ಎಂದಳಂತೆ ಇವಳು.

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು. ಅವಳು ಮುಷ್ಟಿ ಬಿಚ್ಚಿ, ನಾನು ಹೊಲಿಯುತ್ತಿದ್ದ ಕಾಲರಿನ ಪಕ್ಕ ಒಂದು ವಸ್ತು ಇಟ್ಟಳು. ಕಿಟಕಿ ಸಂದಿಯಲ್ಲಿದ್ದ ಸಾಣೆಕಲ್ಲಿನ ಚೂರು.

ಆಗ ನನಗೆ ಹೊಳೆಯಿತು. ಆ ಕಿಟಕಿ ಯಾಕೆ ತೆರೆದಿತ್ತು ಎಂಬುದು ನನಗೆ ಗೊತ್ತಿತ್ತು. ಮೇಡಂಗೆ ಗೊತ್ತಿಲ್ಲ, ಡಾಕ್ಟರಿಗೆ ಗೊತ್ತಿಲ್ಲ, ನನಗೆ ಗೊತ್ತಿತ್ತು. ಕೆಳಗೆ ಗೇಟಿನ ಹತ್ತಿರ ತಿರುಗುವ ಚಕ್ರದ ಸದ್ದು ಬರಲಿ ಎಂದು ತೆರೆದ ಸಂದಿಯಲ್ಲಿ ತಣ್ಣನೆಯ ಗಾಳಿಯೂ ಬಂದಿತ್ತು.

"ಅವರು ಮಂಚ ಹಿಡಿದ ಮೇಲೂ ಮುಚ್ಚಲಿಲ್ಲ" ಎಂದಳು. "ಕಾಲು ವಾಸಿಯಾಗಿ ಮತ್ತೆ ಗೇಟಿಗೆ ಬರ್ತಾರೆ, ಮೊದಲ ದಿನವೇ ನನಗೆ ಕೇಳಿಸ್ಬೇಕು ಅಂತ ಇತ್ತು. ಅವರ ಸದ್ದಿಗೆ ಅಂತ ತೆಗೆದಿಟ್ಟ ಕಿಟಕಿ ಕಣೇ. ಅದೇ ಅವರನ್ನ ತಿಂದುಹಾಕ್ತು."

ನಿನ್ನ ತಪ್ಪಲ್ಲ ಎನ್ನೋಣವೆಂದರೆ ಅದು ಸುಳ್ಳು. ಅವಳು ತಡ ಮಾಡದಿದ್ದರೆ ಅಣ್ಣ ಒಂದು ಬೆರಳಿಲ್ಲದ ಕಾಲಿನಲ್ಲಿ ಪೆಡಲು ತುಳಿಯುತ್ತ ಇವತ್ತೂ ನಮ್ಮಿಬ್ಬರನ್ನು ರೇಗಿಸುತ್ತಿದ್ದ. ನಿನ್ನದೇ ತಪ್ಪು ಎನ್ನೋಣವೆಂದರೆ, ಅಷ್ಟು ಹೊತ್ತೂ ಅವಳು ಹೇಳಿದ್ದು ಅದನ್ನೇ. ಅವಳು ಅಳುತ್ತಿರಲಿಲ್ಲ. ಅವಳ ಬಲಗೈ ಮಾತ್ರ ಎಡಗೈಯ ಅಂಗೈಯನ್ನು ಟಪ್ ಟಪ್ ಎಂದು ಕುಟ್ಟುತ್ತಿತ್ತು, ಕೈಯಲ್ಲಿ ಶೀಶೆ ಇರಲಿಲ್ಲ. ನಾನು ಆ ಕೈ ಹಿಡಿದು ನಿಲ್ಲಿಸಿದೆ. ಅಣ್ಣ ಹೋದ ಮೇಲೆ ನಾನು ಅವಳನ್ನು ಮುಟ್ಟಿದ್ದು ಅದೇ ಮೊದಲು. ತಣ್ಣಗಿತ್ತು, ಕೆರೆಯ ವಾಸನೆ ಬರುತ್ತಿತ್ತು.

"ಕಿಟಕಿ?" ಎಂದೆ.

"ಮುಚ್ಚಿದೆ. ನಾನೇ ಮುಚ್ಚಿ ಚಿಲಕ ಹಾಕ್ದೆ" ಎಂದಳು. "ಇನ್ನು ಕೇಳಿಸ್ಕೊಳ್ಳೋಕೆ ಏನಿದೆ?"

ಒಲೆಯ ಮೇಲೆ ಬೆಳಿಗ್ಗೆ ಅವಳೇ ಮಾಡಿಟ್ಟ ಅಡುಗೆ ಇತ್ತು. "ಊಟ ಆಯ್ತಾ ಅತ್ತಿಗೆ?" ಎಂದು ಕೇಳಿದೆ. ಇಲ್ಲವೆಂದು ತಲೆ ಆಡಿಸಿದಳು. ಬಿಸಿ ಮಾಡಿ ಇಬ್ಬರಿಗೂ ಬಡಿಸಿದೆ. ಅವಳು ತಟ್ಟೆ ನೋಡುತ್ತ ಕೂತಳು, ಆಮೇಲೆ ತಿಂದಳು. ನನ್ನ ಕೋಪ ಆವತ್ತೇ ಹೋಯಿತು ಎಂದು ಹೇಳಲಾರೆ. ಅದು ಇನ್ನೂ ಸ್ವಲ್ಪ ಇದೆ, ಕೆಲವು ಬೆಳಿಗ್ಗೆ ಎದ್ದ ಕೂಡಲೇ ಇರುತ್ತದೆ.

ಪ್ರಯೋಗವನ್ನು ಮೇಡಂ ಮೊದಲಿನಿಂದ ಮತ್ತೆ ಮಾಡಿದರು. ಬಟ್ಟಲುಗಳ ಜಾಗವನ್ನು ಈಗ ತಾವೇ ನಿಂತು ಬದಲಾಯಿಸಿದರು. ಮುಚ್ಚಿದ ಕಿಟಕಿಯ ಬೆಚ್ಚಗಿನ ಕೋಣೆಯಲ್ಲಿ ನೀಲಿ, ಹಳದಿ, ಕೆಂಪು ಎಲ್ಲ ಬಾಲಗಳೂ ಒಂದೇ ಸಮನೆ ಕರಗಿದವಂತೆ. ಈಗ ಕೈ ನಡುಗುತ್ತದೆಯೇ ಎಂದು ಅತ್ತಿಗೆಯನ್ನು ಒಮ್ಮೆ ಕೇಳಿದೆ. ನಡುಗುತ್ತೆ, ಆದ್ರೂ ಕತ್ತರಿಸ್ತೀನಿ ಎಂದಳು.

ಆ ಕಲ್ಲಿನ ಚೂರು ನನ್ನ ಯಂತ್ರದ ಮೇಲೆಯೇ ಇದೆ. ಮೊನ್ನೆ ನಾನು ಹೊರಗಿನಿಂದ ಬಂದಾಗ ಅವಳು ನನ್ನ ಮೊಂಡು ಕತ್ತರಿಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಚೂರಿನಿಂದ ಅದರ ಅಲಗನ್ನು ನಿಧಾನಕ್ಕೆ ಉಜ್ಜುತ್ತಿದ್ದಳು. ಅಣ್ಣನ ಚಕ್ರದ ಸದ್ದೇ, ಆದರೆ ಬಹಳ ಸಣ್ಣಗೆ. ನಾನು ಒಳಗೆ ಹೋಗದೆ ಹೊಸ್ತಿಲಲ್ಲೇ ನಿಂತೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.